ಚೀಟಿಯ ನಾಲ್ಕನೇ ಹೆಸರು

ಸೋಮವಾರ ಬೆಳಿಗ್ಗೆ ರಾಚಯ್ಯ ಕಟಿಂಗ್ ಶಾಪಿನ ಬಾಗಿಲು ತೆಗೆಯುವಷ್ಟರಲ್ಲಿ ಹೈಸ್ಕೂಲಿನ ಹುಡುಗರು ಜಗಲಿಯ ಮೇಲೆ ಕೂತಿರುತ್ತಿದ್ದರು. ಒಬ್ಬನ ಕೈಯಲ್ಲಿ ಚೀಟಿ. ನೋಟ್‌ಬುಕ್ಕಿನಿಂದ ಹರಿದ ಕಾಲು ಹಾಳೆ, ಅದರಲ್ಲಿ ಮೂರೋ ನಾಲ್ಕೋ ಹೆಸರು, ಕೆಳಗೆ ಡ್ರಿಲ್ ಮೇಷ್ಟ್ರು ಗಿರೀಶರ ರುಜು. ಹೆಸರಿದ್ದವರು ಸುಮ್ಮನೆ ತಲೆ ಕೊಡಬೇಕು. ಕಿವಿಯ ಮೇಲೆ ಎರಡು ಬೆರಳಷ್ಟು ಖಾಲಿ, ಹೆಡತಲೆಗೆ ಮಿಷನ್ನು, ಮುಂದೆ ಹಣೆ ಪೂರ್ತಿ ಕಾಣಬೇಕು. ಗುಂಡ್ಲುಪೇಟೆಯ ಹುಡುಗರು ಇದಕ್ಕೆ 'ಸ್ಕೂಲ್ ಕಟಿಂಗ್' ಎಂದು ಹೆಸರಿಟ್ಟಿದ್ದರು. ಹಾಗೆ ಕತ್ತರಿಸಿಕೊಂಡು ಬಂದವನನ್ನು ಇಡೀ ವಾರ ಬಸ್ ಸ್ಟ್ಯಾಂಡಿನಲ್ಲಿ ಆಡಿಕೊಳ್ಳುತ್ತಿದ್ದರು.

ಈ ಏರ್ಪಾಟಿಗೆ ಐದು ವರ್ಷವಾಗಿತ್ತು. ಗಿರೀಶ್ ಮೇಷ್ಟ್ರು ಚಾಮರಾಜನಗರದ ಕಡೆಯವರು. ಅವರು ವರ್ಗವಾಗಿ ಬಂದ ಕಾಲಕ್ಕೆ ಶಾಲೆಯ ಹುಡುಗರು ಪ್ರಾರ್ಥನೆ ಮುಗಿಯುವ ಮೊದಲೇ ಕಾಂಪೌಂಡು ಹಾರುತ್ತಿದ್ದರು. ಒಮ್ಮೆ ಹಿಂದಿ ಮೇಡಮ್ಮಿನ ಮೇಲೆ ಯಾರೋ ಸೀಮೆಸುಣ್ಣ ಎಸೆದಾಗ, ಯಾರೆಂದು ಹೇಳುವವರೇ ಇರಲಿಲ್ಲ. ಮೇಷ್ಟ್ರು ಒಂದೊಂದನ್ನೇ ಹಿಡಿದು ಸರಿ ಮಾಡುತ್ತ ಬಂದರು. ಅಂಗಿ ಚಡ್ಡಿಯೊಳಗೆ ಇರಬೇಕು. ಕೈಯಲ್ಲಿ ದಾರ, ಬಳೆ ಇರಕೂಡದು. ಕೂದಲು ಕಿವಿ ಮುಟ್ಟಕೂಡದು. "ಶಿಸ್ತಲ್ಲಿ ಅರ್ಧ ನಿಮ್ಮ ಕೈಲಿದೆ ರಾಚಯ್ಯನವರೇ" ಎಂದು ಅವರು ಮೊದಲ ಸಲ ಅಂಗಡಿಗೆ ಬಂದು ಹೇಳಿದಾಗ, ಅರ್ಧ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದ ಕೇರಳದ ಲಾರಿ ಡ್ರೈವರ್ ಕೂಡ ಕತ್ತು ತಿರುಗಿಸಿ ನೋಡಿದ್ದ.

ರಾಚಯ್ಯನವರೇ. ಆ ಊರಿನಲ್ಲಿ ಅವನನ್ನು ಹಾಗೆ ಕರೆದವರು ಬೇರೆ ಯಾರೂ ಇರಲಿಲ್ಲ. ಸಂತೆಮರಹಳ್ಳಿಯಲ್ಲಿ ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು ಅವನು. ಲೆಕ್ಕ ಬರಲಿಲ್ಲವೆಂದು ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟ್ರು ಇಳಿಸುವುದನ್ನು ಮರೆತು ಮನೆಗೆ ಹೋದರು. ಅವನು ಸಂಜೆಯವರೆಗೂ ನಿಂತೇ ಇದ್ದ. ಮಾರನೆಯ ದಿನದಿಂದ ಹೋಗಲಿಲ್ಲ. ಸೋದರಮಾವ ಸಂತೆಯ ದಿನ ಮರದ ಕೆಳಗೆ ಕೂತು ಕ್ಷೌರ ಮಾಡುತ್ತಿದ್ದ. ಅವನ ಪಕ್ಕ ಕನ್ನಡಿ ಹಿಡಿದು ಕೂತೇ ಕೆಲಸ ಕಲಿತ. ಈಗ ಐವತ್ತು ದಾಟಿತ್ತು. ಆಗಸ್ಟ್ ಹದಿನೈದರಂದು ಹೈಸ್ಕೂಲಿನ ಅಂಗಳದಲ್ಲಿ ಊರ ಮುಖಂಡರ ಸಾಲಿನ ಕೊನೆಗೆ ಅವನಿಗೂ ಒಂದು ಕುರ್ಚಿ ಹಾಕಿಸುತ್ತಿದ್ದರು. ಹೆಂಡತಿ ಸಣ್ಣತಾಯಮ್ಮ ಅದಕ್ಕೆಂದೇ ಒಂದು ಬಿಳಿ ಅಂಗಿಯನ್ನು ಬೇರೆಯಾಗಿ ಎತ್ತಿಟ್ಟಿದ್ದಳು.

ಹಿಂದಿನ ಜೂನಿನಲ್ಲಿ ಮಾತ್ರ ಒಂದು ಎಡವಟ್ಟಾಯಿತು. ಚೀಟಿ ತಂದ ಇಬ್ಬರು ಹುಡುಗರು ಕುರ್ಚಿಗೆ ಕೂರದೆ, ಮಾದಪ್ಪನ ಬೆಟ್ಟಕ್ಕೆ ಮುಡಿ ಕೊಡುವ ಹರಕೆಯಿದೆ, ಅಲ್ಲಿಯವರೆಗೆ ತಲೆಗೆ ಕತ್ತರಿ ತಾಕಿಸುವಂತಿಲ್ಲ ಎಂದರು. ಮಾದಪ್ಪನ ಹೆಸರು ಬಂದ ಮೇಲೆ ಮಾತೇನು? ರಾಚಯ್ಯ ಕೈಮುಗಿದು ಕಳಿಸಿದ. ಆಮೇಲೆ ನೋಡಿದರೆ ಇಬ್ಬರೂ ಚಾಮರಾಜನಗರದ ಸಿನಿಮಾ ಟಾಕೀಸಿನ ಮುಂದೆ ಮೇಷ್ಟ್ರ ಕೈಗೇ ಸಿಕ್ಕಿಬಿದ್ದಿದ್ದರು. ಬೇರೆ ಯಾವುದೋ ಸಲೂನಿನಲ್ಲಿ ಚೆಂದಕ್ಕೆ ಕತ್ತರಿಸಿಕೊಂಡು, ಎಣ್ಣೆ ಹಚ್ಚಿ ನಿಲ್ಲಿಸಿದ ಕೂದಲು. ಮೇಷ್ಟ್ರು ಮಾರನೆಯ ದಿನ ಅಂಗಡಿಗೆ ಬಂದು ಗಿರಾಕಿಗಳ ಎದುರಿಗೇ, "ನಿಮ್ಮ ಕೈಲಿ ಆಗದಿದ್ರೆ ಹೇಳಿ, ಕತ್ತರಿ ನಾನೇ ಹಿಡೀತೀನಿ" ಎಂದರು. ಅವತ್ತು ಅವರು ಹೆಸರು ಹಿಡಿದು ಕರೆಯಲೂ ಇಲ್ಲ. ಇನ್ನು ಮೇಲೆ ಯಾವ ಹರಕೆಯ ಕಥೆಯನ್ನೂ ಕೇಳುವುದಿಲ್ಲವೆಂದು ರಾಚಯ್ಯ ಆ ದಿನವೇ ನಿಶ್ಚಯಿಸಿಕೊಂಡ.

ಎರಡು ಸಾವಿರದ ಆರರ ಫೆಬ್ರವರಿಯ ಆ ಸೋಮವಾರ ಚೀಟಿಯಲ್ಲಿ ನಾಲ್ಕು ಹೆಸರಿದ್ದವು. ಕೆಳಗೆ ಒಂದು ಸಾಲು ಹೆಚ್ಚಿಗೆ ಬರೆದಿತ್ತು. ಹತ್ತನೇ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆ ಹತ್ತೂವರೆಗೆ. ಕೂದಲು ಕತ್ತರಿಸದೆ ಬಂದವರನ್ನು ಕೋಣೆಯೊಳಕ್ಕೆ ಬಿಡುವುದಿಲ್ಲ. ಒಂಬತ್ತೂವರೆಯಿಂದ ಹತ್ತರೊಳಗೆ ರಾಚಯ್ಯ ಮೂವರನ್ನು ಮುಗಿಸಿದ. ಮೂವರೂ ಬೆಂಚಿನ ಮೇಲೆ ಕೂತು ಒಬ್ಬರ ಹೆಡತಲೆಯನ್ನು ಒಬ್ಬರು ಸವರಿ ನಗುತ್ತಿದ್ದರು.

"ನಾಗಮಲ್ಲು ಯಾರ್ಲಾ?"

ಬಾಗಿಲ ಹೊರಗೆ ನಿಂತಿದ್ದ ಹುಡುಗ ಒಂದು ಹೆಜ್ಜೆ ಒಳಗಿಟ್ಟ. ಸಣಕಲು ಮೈ. ಕೂದಲು ಕಿವಿಯನ್ನು ಮುಚ್ಚಿ ಕಾಲರಿನ ಮೇಲೆ ಬಿದ್ದಿತ್ತು.

"ನಾನೇ ಕಣಣ್ಣ. ನಾನು ತೆಗ್ಸಕಿಲ್ಲ. ಮಾದಪ್ಪನ್ಗೆ ಮುಡಿ ಬುಟ್ಟಿವ್ನಿ."

ಬೆಂಚಿನ ಮೇಲೆ ನಗು ಸಿಡಿಯಿತು. "ಪರೀಕ್ಸೆ ಬಂದೇಟ್ಗೆ ಎಲ್ರುಗೂ ಮಾದಪ್ಪ ಗ್ಯಾಪ್ಕಕ್ಕೆ ಬತ್ತನೆ ಕಣ್ಲಾ!"

"ಬಾ ಕೂತ್ಕ" ಎಂದ ರಾಚಯ್ಯ. "ಈ ಕತೆಯ ಬ್ಯಾರೆ ಯಾರ್ಗಾದ್ರೂ ಯೋಳೋಗು."

"ದಿಟವಾಗ್ಲೂ ಅಣ್ಣ. ಶಿವರಾತ್ರಿಗೆ ಇನ್ನ ಹದ್ಮೂರು ದಿನ."

"ಕೂತ್ಕಳ್ಳಾ ಅಂದ್ರೆ!"

ಹುಡುಗ ಕೂತ. ಓಡಿಹೋದರೆ ಪರೀಕ್ಷೆಯಿಲ್ಲ, ಕೂತರೆ ಮುಡಿಯಿಲ್ಲ. ಕನ್ನಡಿಯಲ್ಲಿ ಅವನ ಮುಖ ಎರಡನ್ನೂ ಒಟ್ಟಿಗೆ ನೋಡುತ್ತಿದ್ದಂತಿತ್ತು. ರಾಚಯ್ಯ ಬಿಳಿ ಬಟ್ಟೆ ಹೊದಿಸಿ ಕತ್ತಿನ ಹಿಂದೆ ಗಂಟು ಹಾಕಿದ. ಬಾಚಣಿಗೆಯಿಂದ ಬಲಗಿವಿಯ ಮೇಲಿನ ಕೂದಲನ್ನು ಎತ್ತಿದಾಗ ಅವನ ಕೈ ನಿಂತಿತು. ಅಲ್ಲಿ ಒಂದು ಹಿಡಿಯಷ್ಟು ಕೂದಲು ಕತ್ತರಿಸಿತ್ತು. ತುದಿಗಳು ಮೊಂಡು, ಹೊಸದು.

"ಇದೇನ್ಲಾ ಇದು? ಮುಡಿ ಬುಟ್ಟೋನು ಇಲ್ಲಿ ಕತ್ರಿ ಆಡ್ಸಿದ್ದೀಯೆ?"

"ಅದು ನಾನಲ್ಲ."

"ಮತ್ಯಾರು? ಮಾದಪ್ಪನೇ ಬಂದು ಕತ್ತರಿಸ್ಬುಟ್ನಾ?"

ಬೆಂಚಿನ ಮೇಲಿನ ನಗು ಯಾಕೋ ಈ ಸಲ ಅರ್ಧಕ್ಕೇ ನಿಂತಿತು. ಅದು ರಾಚಯ್ಯನಿಗೆ ಕೇಳಿಸಬೇಕಿತ್ತು. ಆದರೆ ಅವನ ಕಿವಿಯಲ್ಲಿ ಇನ್ನೂ ಜೂನಿನ ಮಾತೇ ಇತ್ತು. ಹುಡುಗ ಕಣ್ಣು ಕೆಳಗೆ ಹಾಕಿದ. ರಾಚಯ್ಯ ಎಡಗಿವಿಯ ಮೇಲೆ ಬಾಚಣಿಗೆ ಇಟ್ಟು ಕತ್ತರಿ ಆಡಿಸಿದ. ಕೂದಲಿನ ಒಂದು ಎಸಳು ಬಿಳಿ ಬಟ್ಟೆಯ ಮೇಲೆ ಜಾರಿ, ಮಡಿಲಲ್ಲಿ ತಡೆದು, ನೆಲಕ್ಕೆ ಬಿತ್ತು.

ನಾಗಮಲ್ಲು ಕೂಗಲಿಲ್ಲ. ಬಟ್ಟೆಯನ್ನು ಕೊಡವದಂತೆ ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ಹಿಡಿದು ಕುರ್ಚಿಯಿಂದ ಇಳಿದ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಆ ಎಸಳನ್ನು ಎತ್ತಿಕೊಂಡ. ಬಟ್ಟೆಯ ಮಡಿಕೆಯಲ್ಲಿ ಸಿಕ್ಕ ಒಂಟಿ ಕೂದಲುಗಳನ್ನೂ ಬೆರಳ ತುದಿಯಲ್ಲಿ ಆರಿಸಿದ. ಚೀಲದಿಂದ ಕಂಪಾಸ್ ಬಾಕ್ಸ್ ತೆಗೆದ. ಅದರೊಳಗೆ ಕೋನಮಾಪಕದ ಕೆಳಗೆ ಗೆರೆಹಾಳೆಯ ಒಂದು ಪೊಟ್ಟಣವಿತ್ತು. ಬಿಚ್ಚಿದಾಗ ಅದರಲ್ಲಿ ಮೊದಲೇ ಒಂದು ಹಿಡಿ ಕೂದಲು, ಕೆಂಪು ದಾರ ಸುತ್ತಿ ಇಟ್ಟಿದ್ದು. ಈಗಿನದನ್ನು ಅದರ ಪಕ್ಕದಲ್ಲಿಟ್ಟು ಮಡಿಚಿದ.

ಬೆಂಚಿನ ಮೇಲಿದ್ದ ಗಿಡ್ಡ ಹುಡುಗ ಹೇಳಿದ. "ಸನಿವಾರ ಡ್ರಿಲ್ ಮೇಷ್ಟ್ರು ಕತ್ತರಿಸುದ್ದು ಕಣಣ್ಣ ಅದು. ಕ್ಲಾಸಲ್ಲೇ. ಪೇಪರ್ ಕತ್ರೀಲಿ."

"ಮೊದ್ಲೇ ಯಾಕ್ ಬೊಗಳ್ನಿಲ್ಲ ನೀವು?"

"ನೀವು ನಮ್ಮನ್ನ ಕೇಳ್ನಿಲ್ವಲ್ಲ."

ಶಾಲೆಯ ಮೊದಲ ಗಂಟೆ ಕೇಳಿಸಿತು. ಮೂವರೂ ಚೀಲ ಎತ್ತಿಕೊಂಡು ಓಡಿದರು.

ರಾಚಯ್ಯ ಹುಡುಗನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿದ. ಮೊದಲು ಮಾಡಬೇಕಾಗಿದ್ದ ಕೆಲಸವನ್ನು ಈಗ ಮಾಡಿದ. ಹಿಂದಿನ ಕೂದಲನ್ನು ಬೆರಳ ನಡುವೆ ಎಳೆದು ತುದಿ ನೋಡಿದ. ಕತ್ತರಿ ತಾಕದೆ ಬೆಳೆದ ಕೂದಲಿನ ತುದಿ ಮೊಳೆಯ ತುದಿಯಂತೆ ಸಣ್ಣಗಾಗುತ್ತ ಹೋಗುತ್ತದೆ, ಒಂದು ಉದ್ದ, ಒಂದು ಗಿಡ್ಡ, ಅಲ್ಲಲ್ಲಿ ಸೀಳು. ಹೆಡತಲೆಯಲ್ಲಿ ಬ್ಲೇಡಿನ ಗೆರೆಯ ಸುಳಿವೇ ಇರಲಿಲ್ಲ; ಸಣ್ಣ ರೋಮ ಬೆನ್ನಿನವರೆಗೆ ಇಳಿದಿತ್ತು. ಏಳೆಂಟು ತಿಂಗಳಿಂದ ಈ ತಲೆಯನ್ನು ಯಾರೂ ಮುಟ್ಟಿರಲಿಲ್ಲ. ಎರಡು ಕಡೆ ಬಿಟ್ಟು.

"ಏನಾಗಿತ್ಲಾ ನಿಂಗೆ?" ಅವನ ದನಿ ಇಳಿದಿತ್ತು.

"ಮೆದ್ಳು ಜ್ವರ. ಚಾಮರಾಜನಗರದ ಆಸ್ಪತ್ರೇಲಿ ಒಂಬತ್ತು ದಿನ ಗ್ಯಾನ ಇರ್ನಿಲ್ಲವಂತೆ. ಅವ್ವ ಅಲ್ಲೇ ನೆಲುದ್ ಮೇಲೆ ಕೂತು ಹರ್ಸ್ಕಂಡಿದ್ದು."

"ಮೇಷ್ಟ್ರಿಗೆ ಯೋಳ್ನಿಲ್ವಾ?"

"ಇಷ್ಟ್ ದಿನ ಎಣ್ಣೆ ಅಚ್ಚಿ ಕಿವಿ ಹಿಂದ್ಕೆ ಬಾಚ್ಕಂಡು ತಪ್ಪುಸ್ಕಂಡಿದ್ದೆ, ಹೋದ್ವಾರ ಸಿಕ್ಕಾಕಂಡಾಗ ಯೋಳ್ದೆ. ಬರ್ಸ್ಕಂಡು ಬಾ ಅಂದ್ರು. ಅವ್ವುಂಗೆ ಬರಿಯಾಕ್ ಬರಕಿಲ್ಲ. ನಾನೇ ಬರ್ದು ಅವ್ವನ ಎಬ್ಬೆಟ್ಟು ಒತ್ತುಸ್ಕಂಡೋದೆ. ನಿನ್ನಕ್ಷರನೇ ಅಲ್ವಾ ಅಂದು ಹರಿದಾಕುದ್ರು."

ಹತ್ತು ಗಂಟೆ ಹನ್ನೆರಡು ನಿಮಿಷ. ರಾಚಯ್ಯ ಕತ್ತರಿಯನ್ನು ನೀರಿನ ಬಟ್ಟಲಿನ ಪಕ್ಕ ಇಟ್ಟು, ಬಾಗಿಲು ಎಳೆದುಕೊಂಡ. "ನಡಿ" ಎಂದ.

ಊಟಿ ರಸ್ತೆಯ ಲಾರಿಗಳ ಸಾಲನ್ನು ದಾಟಿ ಇಬ್ಬರೂ ಬೇಗ ಬೇಗ ನಡೆದರು. ಅವ್ವನ ಹೆಸರೇನು, ಯಾವ ಕೆಲಸಕ್ಕೆ ಹೋಗುತ್ತಾಳೆ, ಎಷ್ಟು ಹೊತ್ತಿಗೆ ಮನೆಗೆ ಬರುತ್ತಾಳೆ ಎಂದು ರಾಚಯ್ಯ ಕೇಳಿ ತಿಳಿದುಕೊಂಡ. ಹುಡುಗ ಕಂಪಾಸ್ ಬಾಕ್ಸನ್ನು ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದಿದ್ದ. ಏನು ಹೇಳುವುದೆಂದು ರಾಚಯ್ಯ ದಾರಿಯಲ್ಲಿ ಎರಡು ಸಲ ಜೋಡಿಸಿಕೊಂಡ, ಗೇಟು ಕಂಡ ಕೂಡಲೇ ಎಲ್ಲ ಮರೆತುಹೋಯಿತು. ನಲವತ್ತು ವರ್ಷದ ಹಿಂದೆ ತನ್ನನ್ನು ನಿಲ್ಲಿಸಿದ್ದ ಬೆಂಚು ನೆನಪಿಗೆ ಬಂತು; ಆದರೂ ಅವನು ಹೆಜ್ಜೆ ನಿಧಾನಿಸಲಿಲ್ಲ.

ಗಿರೀಶ್ ಮೇಷ್ಟ್ರು ಗೇಟಿನಲ್ಲೇ ನಿಂತಿದ್ದರು. ಕೊರಳಲ್ಲಿ ವಿಷಲ್. ನಾಗಮಲ್ಲುವಿನ ತಲೆ ನೋಡಿದರು, ರಾಚಯ್ಯನನ್ನು ನೋಡಿದರು.

"ಇದೇನು, ಇವನೊಬ್ಬ ಹಾಗೇ ಬಂದ?"

"ಇದು ಮುಡಿ ಸಾ."

"ನನಗೂ ಹಾಗೇ ಹೇಳಿದ. ಜೂನಲ್ಲಿ ಇಬ್ಬರು ಹೇಳಿದ್ರು, ನೆನಪಿದೆಯಾ?"

"ಅವತ್ತು ನಾನು ಮಾತ್ನ ನಂಬ್ದೆ ಸಾ, ಕೂದ್ಲ ನೋಡ್ನಿಲ್ಲ. ಇವತ್ತು ನೋಡಿವ್ನಿ."

ಮೇಷ್ಟ್ರು ದನಿ ಏರಿಸಲಿಲ್ಲ. ಅವರು ದನಿ ಏರಿಸದಿದ್ದಾಗಲೇ ಹುಡುಗರು ಹೆಚ್ಚು ಹೆದರುತ್ತಿದ್ದರು. "ಇವನನ್ನ ಬಿಟ್ರೆ ನಾಳೆ ಮೂವತ್ತು ಜನ ದೇವರ ಹೆಸರು ಹೇಳ್ತಾರೆ. ಒಬ್ಬನಿಗೊಂದು, ಇನ್ನೊಬ್ಬನಿಗೊಂದು ಅಂತ ಮಾಡಿದ ದಿನ ಈ ಶಾಲೆ ಮತ್ತೆ ಹಳೇ ಥರ ಆಗುತ್ತೆ. ಆ ದಿನಗಳನ್ನ ನೀವೂ ನೋಡಿದ್ದೀರಿ."

ಅದು ಸುಳ್ಳಲ್ಲ. ಒಳಗೆ ಬೆಂಚುಗಳನ್ನು ಎಳೆಯುವ ಸದ್ದು ನಿಂತು ಪರೀಕ್ಷೆಯ ಮೌನ ಶುರುವಾಗುತ್ತಿತ್ತು.

"ಮೂವತ್ತು ಜನನೂ ನನ್ನತ್ರ ಕಳ್ಸಿ ಸಾ" ಎಂದ ರಾಚಯ್ಯ. "ತುದಿ ನೋಡ್ದೇಟ್ಗೆ ಗೊತ್ತಾಯ್ತದೆ. ಸುಳ್ಳೇಳ್ದೋನ್ಗೆ ನಾನೇ ಮಿಷನ್ ಆಕ್ತೀನಿ. ಇವ್ನುನ್ನ ಬುಟ್ಬುಡಿ."

ಹೆಡ್ ಮಿಸ್ಟ್ರೆಸ್ ಸುಧಾಮಣಿ ಪ್ರಶ್ನೆಪತ್ರಿಕೆಯ ಕಟ್ಟನ್ನು ಎದೆಗೆ ಒತ್ತಿಕೊಂಡು ಆಫೀಸಿನಿಂದ ಹೊರಬಂದವರು ಗೇಟಿನತ್ತ ತಿರುಗಿದರು. "ಗಿರೀಶ್, ಏನದು? ಹತ್ತೂ ಇಪ್ಪತ್ತೈದಾಯ್ತು."

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ರಾಚಯ್ಯ ಹೇಳಿದ. "ದೇವ್ರ ಮುಡೀಗೆ ಕತ್ರಿ ಬಿದ್ದದೆ ಮೇಡಂ. ಎಡಗಡೇದು ನಾನು ಮಾಡುದ್ದು, ಈಗಷ್ಟೇ. ತೆಪ್ಪಾಯ್ತು."

ಬಲಗಡೆಯದನ್ನು ಅವನು ಹೇಳಲಿಲ್ಲ. ಮೇಡಂ ಹತ್ತಿರ ಬಂದು ಹುಡುಗನ ತಲೆಯನ್ನು ಎರಡೂ ಪಕ್ಕದಿಂದ ನೋಡಿದರು. ಆಮೇಲೆ ಮೇಷ್ಟ್ರ ಕಡೆ ನೋಡಿದರು. ಗಿರೀಶರ ಮುಖ ಕೆಂಪಾಗಿತ್ತು. ನಾಗಮಲ್ಲುವಿನ ಬೆರಳುಗಳು ಕಂಪಾಸ್ ಬಾಕ್ಸಿನ ಮುಚ್ಚಳದ ಮೇಲೆ ಬಿಗಿದಿದ್ದವು.

"ಶಿವರಾತ್ರಿ ಆದ ಮಾರನೇ ದಿನ ತಲೆ ಬೋಳಿಸಿಕೊಂಡು ನನ್ನ ಮುಂದೆ ನಿಲ್ಲಬೇಕು" ಎಂದರು ಮೇಡಂ. "ನಿಲ್ಲದಿದ್ರೆ ಹಾಲ್ ಟಿಕೆಟ್ ಇಲ್ಲ. ಹೋಗು, ಕೂತ್ಕೋ."

ಹುಡುಗ ಓಡಿದ. ಕಾರಿಡಾರಿನ ಕಂಬಗಳ ನಡುವೆ ಅವನ ತಲೆ ಕಂಡು, ಮರೆಯಾಗಿ, ಮತ್ತೆ ಕಂಡು, ಮೂರನೇ ಕೋಣೆಯೊಳಗೆ ಹೋಯಿತು. ಮೇಡಂ ಕೂಡ ಹಿಂದೆಯೇ ನಡೆದರು. ಗಂಟೆ ಹೊಡೆಯಿತು.

"ಇನ್ನು ಮೇಲೆ ಚೀಟಿ ಬರಲ್ಲ" ಎಂದರು ಮೇಷ್ಟ್ರು, ಬೇರೆ ಕಡೆ ನೋಡುತ್ತ.

"ಆಯ್ತು ಸಾ."

ರಾಚಯ್ಯ ತಿರುಗಿ ನಡೆದ. ರಸ್ತೆಯ ಅಂಚಿಗೆ ಬರುವಷ್ಟರಲ್ಲಿ ಹಿಂದೆ ಬೂಟಿನ ಸದ್ದು ಕೇಳಿತು.

"ರಾಚಯ್ಯನವರೇ."

ಮೇಷ್ಟ್ರು ಹತ್ತಿರ ಬಂದು ನಿಂತರು. ಹಣೆಯಲ್ಲಿ ಬೆವರಿತ್ತು. "ನನ್ನ ಮಗಳ ಮುಡೀನೂ ಬೆಟ್ಟದಲ್ಲೇ ಕೊಟ್ಟಿದ್ದು" ಎಂದರು. ಬೆವರು ಒರೆಸಿಕೊಂಡು, "ಶನಿವಾರ ನಾನು ಕತ್ತರಿಸಿದ್ದು... ಅದಕ್ಕೆ ಏನು ಮಾಡಬೇಕು?"

"ತಪ್ಪುಕಾಣ್ಕೆ ಕಟ್ಬೇಕು ಸಾ. ನಾನೂ ಕಟ್ಬೇಕು. ಆದ್ರೆ ಅದ್ಕೂ ಮುಂಚೆ ಹರ್ಸ್ಕಂಡೋರ ಮುಂದೆ ನಿಂತು ಯೋಳ್ಬೇಕು."

"ಆ ಹುಡುಗನ ತಾಯಿ ಹತ್ರನಾ?"

"ಚಿಕ್ಕಮಲ್ಲಮ್ಮ ಅಂತ. ಅರಿಸಿನ ಕೀಳಕ್ಕೆ ಓಯ್ತಳೆ."

"ನೀವು ಹೋಗ್ತೀರಲ್ಲ, ನನ್ನದನ್ನೂ ಸೇರಿಸಿ ಹೇಳಿಬಿಡಿ."

ರಾಚಯ್ಯ ಅಡ್ಡಡ್ಡ ತಲೆಯಾಡಿಸಿದ. "ನಿಮ್ದು ನೀವೇ ಯೋಳ್ಬೇಕು ಸಾ. ನಾನು ಯೋಳುದ್ರೆ ಚಾಡಿ ಆಯ್ತದೆ."

ಒಂದು ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಮೇಷ್ಟ್ರು ವಿಷಲಿನ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದರು. ಒಳಗೆ ಯಾವುದೋ ಕೋಣೆಯಲ್ಲಿ ಮೇಡಂ ಸೂಚನೆಗಳನ್ನು ಓದುತ್ತಿದ್ದುದು ಮೆಲ್ಲಗೆ ಕೇಳುತ್ತಿತ್ತು.

"ಆಕೆ ಕೂಲಿ ಮುಗಿಸಿ ಮನೆಗೆ ಬರೋದು ಎಷ್ಟೊತ್ತಿಗೆ?"

"ಆರಾಯ್ತದೆ."

"ಐದೂವರೆಗೆ ಅಂಗಡಿ ಹತ್ರ ಬರ್ತೀನಿ" ಎಂದು ಹೇಳಿ ಮೇಷ್ಟ್ರು ಗೇಟಿನತ್ತ ನಡೆದರು.