ಮಠದ ಕಂಬದ ಕುಂಕುಮ

ದೇವಕ್ಕನ ಬಾಯಿಗೆ ನಮ್ಮ ಓಣಿಯಲ್ಲಿ ಹೆದರದವರಿದ್ದರೆ ಇಬ್ಬರೇ. ಒಬ್ಬ ಅವಳ ಗಂಡ ಶಂಕರೆಪ್ಪ, ಇನ್ನೊಬ್ಬಳು ಮಲಪ್ರಭಾ ಹೊಳೆ. ಗಂಡನನ್ನು ಬೈದು ಬೈದು ಸಾಕಾಗಿ ಕೈಬಿಟ್ಟಿದ್ದಳು. ಹೊಳೆಯನ್ನು ಮಾತ್ರ ಹೆತ್ತ ಮಗಳಂತೆ ನಡೆಸಿಕೊಳ್ಳುತ್ತಿದ್ದಳು.

ರಾಮದುರ್ಗದ ಕಡೆ, ಹೊಳೆಯ ದಂಡೆಗೆ ಅಂಟಿಕೊಂಡ ಊರು ನಮ್ಮದು. ಊರು ಸಣ್ಣದು, ಆದರೂ ಪುರಸಭೆ ಇತ್ತು, ಪುರಸಭೆಗೆ ಜಂಬವೂ ಇತ್ತು. ಹೊಳೆ ಓಣಿಯವರೆಲ್ಲ ನೇಕಾರರು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ ನಮ್ಮವು. ಮನೆಗೆ ನೀರು ಹೊಕ್ಕರೆ ಮೊದಲು ಕುಣಿ ತುಂಬುತ್ತದೆ. ಶಂಕರೆಪ್ಪ ಆ ಕುಣಿಯಲ್ಲೇ ಕೂತು ಕೂತು ಮೊಣಕಾಲು ಹಿಡಿದು, ನಡೆಯಲಾರದವನಾಗಿದ್ದ.

ಹೊಳೆ ಉಕ್ಕಿ ಬಂದಾಗ ನಮ್ಮಲ್ಲಿ ಅದಕ್ಕೆ ಉಡಿ ತುಂಬುತ್ತಾರೆ. ಬಂದ ತಕ್ಷಣ ಅಲ್ಲ. ತವರಿಗೆ ಬಂದ ಮಗಳಿಗೆ ಹೊರಟು ನಿಂತಾಗ ತಾನೇ ಉಡಿ ತುಂಬುವುದು? ಹಾಗೆಯೇ ನೀರು ಏರುವುದು ನಿಂತು ತಿರುಗಿದ ಮೇಲೆ ಅದರ ಅಂಚಿಗೆ ಹೋಗಿ, ಖಣ, ಅಕ್ಕಿ, ಉತ್ತತ್ತಿ ಬಿಟ್ಟು, ಆಗ ನೀರು ಮುಟ್ಟಿದ್ದ ಕಡೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಬೇಕು. ಆ ಕೆಲಸ ದೇವಕ್ಕನದು. ಅವಳು ಹಚ್ಚಿದ್ದನ್ನು ಯಾರೂ ಒರೆಸುವುದಿಲ್ಲ.

ಎಪ್ಪತ್ತರ ದಶಕದ ಒಂದು ಮಳೆಗಾಲದಲ್ಲಿ ಹೊಳೆ ಓಣಿಯನ್ನೇ ನುಂಗಿತು. ಮಣ್ಣಿನ ಗೋಡೆಗಳು ಕರಗಿಹೋದವು. ಇಳಿದ ಮೇಲೆ ಪುರಸಭೆಯವರು ಠರಾವು ಮಾಡಿದರು: ಇನ್ನು ಮೇಲೆ ನಕ್ಷೆ ಪಾಸಾಗದೆ ಯಾರೂ ಮನೆ ಕಟ್ಟುವಂತಿಲ್ಲ, ಮನೆಯ ನೆಲ ನೀರು ಏರಿದ ಮಟ್ಟಕ್ಕಿಂತ ಮೇಲಿರಬೇಕು. ಹಾಗೆ ಕಟ್ಟಿದವರ ಮಗ್ಗಕ್ಕೂ ನೂಲಿಗೂ ನೆರೆಯ ವಿಮೆ ಮಾಡಿಸಿಕೊಡುವುದು ಪುರಸಭೆಯ ಜವಾಬ್ದಾರಿ. ನಮಗೆ ವಿಮೆ ಎಂದರೆ ಸತ್ತ ಮೇಲೆ ಬರುವ ದುಡ್ಡು ಎಂದಷ್ಟೇ ಗೊತ್ತಿತ್ತು. ಬದುಕಿದವರಿಗೂ ಕೊಡುತ್ತಾರೆಂದು ಕೇಳಿ ಓಣಿಗೆ ಓಣಿಯೇ ಹಿಗ್ಗಿತು.

ಓವರ್ಸಿಯರ್ ಬೈಲಹೊಂಗಲದವನು, ಹೊಳೆ ಕಂಡವನಲ್ಲ. ಪ್ಯಾಂಟು ಮಡಚಿಕೊಂಡು ಬಂದು, ನೀರು ಎಲ್ಲಿಯವರೆಗೆ ಏರಿತ್ತೆಂದು ಕೇಳಿದ. ಗೋಡೆಗಳೇ ಇಲ್ಲ, ಓಣಿಯ ಮಠದ ಕಲ್ಲುಕಂಬದ ಕೆಸರನ್ನು ಮಳೆ ತೊಳೆದಿತ್ತು. ಆ ಕಂಬದ ಮೇಲೆ ಉಳಿದದ್ದು ದೇವಕ್ಕನ ಕುಂಕುಮ. ಎಲ್ಲರೂ ಅದನ್ನೇ ತೋರಿಸಿದೆವು. ಅವನು ಟೇಪು ಹಿಡಿದ, ನಕ್ಷೆಗಳು ತಯಾರಾದವು. ಮಾತಿನ ಮಲ್ಲಿ ದೇವಕ್ಕ ಆವತ್ತು ತುಟಿ ಪಿಟಕ್ಕೆನ್ನಲಿಲ್ಲ.

ಯಾಕೆಂದರೆ ಆ ಸಲ ಅವಳು ತಡವಾಗಿ ಬಂದಿದ್ದಳು. ಪ್ರತಿ ಸಲ ನೀರು ತಿರುಗುವ ಹೊತ್ತಿಗೆ ಸರಿಯಾಗಿ ನಿಂತಿರುತ್ತಿದ್ದವಳು ಬರುವಷ್ಟರಲ್ಲಿ ಹೊಳೆ ಒಂದು ದೊಡ್ಡ ಮೊಳ ಇಳಿದಿತ್ತು. ಆಗ ನೀರು ಇದ್ದಲ್ಲಿಗೇ ಕಂಬಕ್ಕೆ ಕುಂಕುಮ ಹಚ್ಚಿ ಬಂದಳು. ಉಳಿದವರೆಲ್ಲ ಶಾಲೆಯ ದಿಬ್ಬದ ಮೇಲಿದ್ದೆವು, ಯಾರೂ ಕಾಣಲಿಲ್ಲ. ಹೇಳಿದರೆ ಅಷ್ಟು ಎತ್ತರಕ್ಕೆ ನೆಲ ಏರಿಸಲಾಗದೆ ಓಣಿಯಲ್ಲಿ ಒಂದು ನಕ್ಷೆಯೂ ಪಾಸಾಗುವುದಿಲ್ಲ, ಹೇಳದಿದ್ದರೆ ಎಲ್ಲರೂ ನೀರಿನ ಕೆಳಗೆ ಮಲಗುತ್ತಾರೆ. ಈ ಸಂಕಟವನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳು ಅರ್ಧ ಆಳಾದಳು. ಮುಂದಿನ ಮಳೆಗಾಲದ ಹೊತ್ತಿಗೆ ಗೋಡೆಗಳು ಎದ್ದವು. ಬಾಣಂತನಕ್ಕೆ ಬಂದಿದ್ದ ಮಗಳು ರಾಚವ್ವ ಹೊಸ ಮನೆಯಲ್ಲೇ ಕೂಸಿನ ತೊಟ್ಟಿಲು ಕಟ್ಟಿದಳು.

ವಿಮಾ ಕಂಪನಿಯ ಸಾಹೇಬ ತಪಾಸಣೆಗೆ ಬಂದ ದಿನ ಪಡುವಣ ದಿಕ್ಕು ಕಪ್ಪಿಟ್ಟಿತ್ತು. ಹೊಳೆ ಆಗಲೇ ಕೆಂಪಗೆ ಹರಿಯುತ್ತಿತ್ತು. ಪುರಸಭೆಯ ಚೀಫ್ ಆಫೀಸರ್ ಜೊತೆಗಿದ್ದ. ಸಾಹೇಬ ಕಂಬದ ಮುಂದೆ ನಿಂತು, ಇದನ್ನು ಹಚ್ಚಿದವರನ್ನು ಕರೆಸಿ ಎಂದ. ದೇವಕ್ಕ ಬಂದಳು. ನೀರು ಏರಿದ್ದು ಇಲ್ಲಿಯವರೆಗೇ ತಾನೇ ಎಂದು ಕೇಳಿದ. ಹೌದು ಅಂದರೆ ಮುಗಿದುಹೋಗುತ್ತಿತ್ತು. ಓಣಿಯೆಲ್ಲ ಅವಳ ಬಾಯನ್ನೇ ನೋಡುತ್ತಿತ್ತು.

ಅವಳು ಕುಂಕುಮದ ಬಟ್ಟಲು ತಂದು, ಕಂಬದ ಮೇಲೆ ಮೊಳ ಹಾಕಿ, ಹಳೆಯದಕ್ಕಿಂತ ಅಷ್ಟು ಎತ್ತರದಲ್ಲಿ ಇನ್ನೊಂದು ಬೊಟ್ಟು ಇಟ್ಟಳು. ಆಮೇಲೆ ತನ್ನ ಹೊಸ ಮನೆಯೊಳಗೆ ನಡೆದಳು. ನಾವೂ ಹಿಂದೆ ಹೋದೆವು. ಅದೇ ಮಟ್ಟವನ್ನು ಕಣ್ಣಳತೆಯಲ್ಲಿ ಹಿಡಿದು ಗೋಡೆಗೆ ಕುಂಕುಮ ಹಚ್ಚಿದಳು. ತೊಟ್ಟಿಲು ಅದರ ಕೆಳಗಿತ್ತು.

“ಇಲ್ಲಿತನಾ ಬಂದಿತ್ರಿ,” ಅಂದಳು. “ನಾ ಹೋಗೂದ್ರಾಗ ಇಳಿದಿತ್ತು. ಇಷ್ಟ ದಿನಾ ಹೇಳಲಿಲ್ಲ, ನನ್ನ ತಪ್ಪು.”

ರಾಚವ್ವ ಕೂಸನ್ನು ಎತ್ತಿಕೊಂಡಳು. ಸಾಹೇಬ ಕಾಗದಪತ್ರ ಮಡಚಿ ಚೀಲಕ್ಕೆ ಹಾಕಿದ. ಚೀಫ್ ಆಫೀಸರ್ ಪಾಸಾದ ನಕ್ಷೆಗಳೆಲ್ಲ ರದ್ದು ಎಂದ. ಎಲ್ಲರಿಗಿಂತ ಮೊದಲು ಹರಿಹಾಯ್ದವನು ಅವಳ ಮೈದುನನ ವರಸೆಯ ನಿಜಗುಣಪ್ಪ. ಅವನ ಮನೆಗೆ ತಗಡು ಹೊದಿಸಿ ಇನ್ನೂ ವಾರವಾಗಿರಲಿಲ್ಲ. ಹೊಳೆ ತಿರುಗಿದಾಗ ಎಲ್ಲಿ ಸತ್ತಿದ್ದಿರಿ, ಯಾವ ಘನಕಾರ್ಯ ಮಾಡುತ್ತಿದ್ದಿರಿ ಎಂದು ಕೂಗಿದ. ದೇವಕ್ಕ ತಲೆ ತಗ್ಗಿಸಿದಳು. ಕೇಳಿದ್ದಕ್ಕೆಲ್ಲ ಎರಡರಷ್ಟು ತಿರುಗಿಸಿ ಕೊಡುವ ಹೆಂಗಸು ಹಾಗೆ ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು.

ಮೂಲೆಯಲ್ಲಿ ಕೂತಿದ್ದ ಶಂಕರೆಪ್ಪ ಬಾಯಿ ತೆರೆದ.

“ಅಕಿನ್ನ ಬೈಬ್ಯಾಡೊ ತಮ್ಮಾ. ನೀವೆಲ್ಲಾರೂ ದಿಬ್ಬಾ ಹತ್ತಿದ ಮ್ಯಾಲೆ ನಾ ಒಬ್ಬನ ಉಳಿದಿದ್ದೆ. ಹೊಳಿ ತಿರಗೋ ಮುಂದ ಅಕಿ ಬೆನ್ನ ಮ್ಯಾಲ ನಾ ಇದ್ದೆ.”

ಅವನನ್ನು ಮರೆತು ಓಡಿದವರಲ್ಲಿ ನಾನೂ ಒಬ್ಬ.

ಆದರೂ ಸಿಟ್ಟು ಅಷ್ಟು ಬೇಗ ಇಳಿಯುವುದೇ? ಪುರಸಭೆ ಸವದತ್ತಿ ರಸ್ತೆಯ ಬದಿಗೆ ಎತ್ತರದ ಜಾಗ ಕೊಟ್ಟಿತು, ನಕ್ಷೆ ಪಾಸಾಯಿತು, ವಿಮೆಯೂ ಆಯಿತು. ಆದರೆ ಅಲ್ಲಿ ನೆಲವೆಲ್ಲ ಕಲ್ಲು. ಮಗ್ಗದ ಕುಣಿ ತೋಡುವಾಗ ಗುದ್ದಲಿಯ ಒಂದೊಂದು ಏಟಿಗೂ ದೇವಕ್ಕನಿಗೆ ಒಂದೊಂದು ಬೈಗುಳ. ಎರಡು ಮಳೆಗಾಲ ಹೊಳೆ ಮೇಲೆ ಬರಲೇ ಇಲ್ಲ. ಹೆಂಗಸರು ಅವಳನ್ನು ಅರಿಷಿಣ ಕುಂಕುಮಕ್ಕೆ ಕರೆಯುವುದನ್ನು ಬಿಟ್ಟರು. ತನ್ನ ಮಾತು ನಿಜವೆಂದು ಕಾಣಲು ಒಮ್ಮೆ ಹೊಳೆ ಬರಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆನೆಂದು ಅವಳು ನನ್ನ ಹೆಂಡತಿಯ ಮುಂದೆ ಅತ್ತಳಂತೆ.

ಮೂರನೆಯ ವರ್ಷ ಬಂತು. ಖಾಲಿ ಬಿದ್ದಿದ್ದ ಹಳೆಯ ಓಣಿಯಲ್ಲಿ ಮಠದ ಕಂಬದ ಎರಡೂ ಬೊಟ್ಟು ಮುಳುಗಿದವು. ನಾವು ಎತ್ತರದಿಂದ ನೋಡುತ್ತ ನಿಂತೆವು. ಶಂಕರೆಪ್ಪನಿಗೆ ಆ ದಿನ ವಿಪರೀತ ಜ್ವರ. ದೇವಕ್ಕ ಅವನ ಹತ್ತಿರವೇ ಕೂತಿದ್ದಳು. ಮಧ್ಯಾಹ್ನ ಮಳೆ ನಿಂತಾಗ ನಿಜಗುಣಪ್ಪ ಅವಳ ಬಾಗಿಲಿಗೆ ಬಂದ. ಕೈಯಲ್ಲಿ ಖಣ, ಅಕ್ಕಿ ಇಟ್ಟ ತಾಟಿತ್ತು.

“ವೈನಿ, ಅಣ್ಣನ ಹತ್ರ ನಾ ಕುಂಡ್ರತೇನಿ,” ಅಂದ. “ನೀವು ನಡೀರಿ. ಹೊಳಿ ತಿರಗಾಕ ಹತ್ತೇತಿ.”