ನಾಲೆ ದಾಟದ ಕೇಬಲ್ಲು

ಮದ್ದೂರು ತಾಲ್ಲೂಕಿನ ಕಟ್ಟಕಡೆಯ ಊರು ನಮ್ಮದು. ಕಬ್ಬಿನ ಗದ್ದೆ ಹಾಯ್ದು ಅರ್ಧ ಗಂಟೆ ನಡೆದರೆ ನಾಲೆ, ಅದರ ಆಚೆ ದಡ ಮಳವಳ್ಳಿ ತಾಲ್ಲೂಕು. ಇಲ್ಲಿ ಅಂಗನವಾಡಿ ಟೀಚರಾಗಿ ತಲೆ ನರೆಸಿಕೊಂಡವಳು ನಾನು. ಮಕ್ಕಳ ಮೂಗು ಒರೆಸುವುದರಿಂದ ಹಿಡಿದು ಬಸುರಿಯರ ತೂಕ ನೋಡುವವರೆಗೆ ಎಲ್ಲವೂ ನನ್ನ ತಲೆಗೇ.

ಊರಿಗೆ ಇಂಟರ್ನೆಟ್ ಬರುತ್ತದೆ ಎಂದು ಒಂದು ವರ್ಷ ರಸ್ತೆ ಅಗೆದರು. ಮಳವಳ್ಳಿ ಕಡೆಯಿಂದ ಬಂದ ಕೇಬಲ್ಲು ನಾಲೆಯ ಆ ದಡದಲ್ಲಿ ನಿಂತಿತು. ನಮ್ಮ ಪಂಚಾಯ್ತಿ ಕಚೇರಿಯಿಂದ ಹೊರಟಿದ್ದು ಈ ದಡದಲ್ಲಿ ನಿಂತಿತು. ನಡುವೆ ನೀರು. ನಾಲೆ ದಾಟಿಸುವ ಖರ್ಚು ಆ ತಾಲ್ಲೂಕಿನ ಎಸ್ಟಿಮೇಟಿನಲ್ಲೂ ಇಲ್ಲವಂತೆ, ಈ ತಾಲ್ಲೂಕಿನದರಲ್ಲೂ ಇಲ್ಲವಂತೆ. ಇಬ್ಬರೂ ತಮ್ಮ ತಮ್ಮ ಗಡಿಯವರೆಗೆ ಹೂತು, ಫೋಟೋ ತೆಗೆಸಿಕೊಂಡು ಕೈ ತೊಳೆದುಕೊಂಡರು. ಥೂ, ಇಂಥ ಕೆಲಸಕ್ಕೆ ಇಷ್ಟೊಂದು ಜೆಸಿಬಿ ಬೇರೆ!

ಆಮೇಲೆ ಪಂಚಾಯ್ತಿ ಗೋಡೆಗೆ ಒಂದು ಪೆಟ್ಟಿಗೆ ಜಡಿದು, ಅದಕ್ಕೊಂದು ಹಸಿರು ದೀಪ ಹತ್ತಿಸಿ, ಉದ್ಘಾಟನೆ ಎಂದರು. ಶಾಮಿಯಾನ ಬಂತು, ಕೇಸರಿಬಾತು ಬಂತು. ಊರಿನ ಹಿರಿಯ ಕಾರ್ಯಕರ್ತೆ ಎಂದು ನನ್ನನ್ನು ಕರೆದು ಶಾಲು ಹೊದಿಸಿ, ತಲೆಗೆ ಪೇಟ ಇಟ್ಟು, ಕೈಗೆ ಹಣ್ಣಿನ ತಟ್ಟೆ ಕೊಟ್ಟರು. ಅದರ ಹಿಂದೆಯೇ ಕಂಟ್ರಾಕ್ಟರ್ ಕಡೆಯವನು ಒಂದು ಹಾಳೆ ಚಾಚಿದ. "ಫಲಾನುಭವಿಗಳ ಪರವಾಗಿ ಒಂದು ಸೈನು ಹಾಕಿಬಿಡಿ ಅಮ್ಮ. ಇಲ್ಲಾಂದ್ರೆ ಫಂಡು ವಾಪಸ್ ಹೋಗುತ್ತೆ. ನಾಳೆ ನಾಡಿದ್ದರಲ್ಲಿ ಕೇಬಲ್ ಸೇರಿಸ್ತೀವಿ." ಹಾಳೆಯಲ್ಲಿ ಏನಿದೆ ಎಂದು ಓದಿದೆ. ಓದಲಿಲ್ಲ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. "ಊರಿಗೆ ಸಂಪರ್ಕ ಬಂದಿದೆ, ಪರೀಕ್ಷಿಸಿ ನೋಡಿದ್ದೇವೆ" ಎಂದಿತ್ತು. ಎದುರಿಗೆ ಊರಿಗೆ ಊರೇ ಚಪ್ಪಾಳೆ ತಟ್ಟುತ್ತಿತ್ತು. ನಮ್ಮ ಕಡೆ ಸನ್ಮಾನ ಮಾಡಿಸಿಕೊಂಡವರು ಅಲ್ಲೇ ನಿಂತು ಕ್ಯಾತೆ ತೆಗೆಯುವುದಿಲ್ಲ. ಹಾಕಿದೆ.

ಅಲ್ಲಿಯವರೆಗೆ ನಮ್ಮದು ನೆಟ್ ಸಿಗದ ಊರುಗಳ ಪಟ್ಟಿಯಲ್ಲಿತ್ತು. ಅದಕ್ಕೇ ಬಸುರಿಯರು ಅಂಗನವಾಡಿಗೆ ಬಂದು ಪುಸ್ತಕದಲ್ಲಿ ಸಹಿ ಹಾಕಿ ಮೊಟ್ಟೆ, ಬೇಳೆ, ಕಡಲೆಬೀಜ ಒಯ್ಯುತ್ತಿದ್ದರು. ಮುಂದಿನ ತಿಂಗಳೇ ಪಟ್ಟಿಯಿಂದ ಊರಿನ ಹೆಸರು ಹೋಯಿತು. ಇನ್ನು ಮೇಲೆ ಪುಸ್ತಕ ನಡೆಯುವುದಿಲ್ಲ, ಪ್ರತಿಯೊಬ್ಬಳೂ ಫೋನಿನ ಮುಂದೆ ಮುಖ ತೋರಿಸಿ ಕಣ್ಣು ಮಿಟುಕಿಸಬೇಕು. ಯಾರ ಮುಖ ದಾಖಲಾಗುತ್ತದೋ ಅವರಿಗೆ ಮಾತ್ರ ಸಾಮಾನು ಎಂದು ಆದೇಶ ಬಂತು.

ಊರೊಳಗೆ ಫೋನಿನಲ್ಲಿ ಚಕ್ರ ಸುಮ್ಮನೆ ಗಿರಗಿರ ಸುತ್ತುತ್ತದೆ. ನಾಲೆ ಏರಿಯ ಮೇಲೆ ನಿಂತರೆ ಮಳವಳ್ಳಿ ಕಡೆಯ ಟವರು ಅಷ್ಟಿಷ್ಟು ಸಿಗುತ್ತದೆ. ಹೊಟ್ಟೆ ಹೊತ್ತ ಹೆಂಗಸರನ್ನು ಬಿಸಿಲಲ್ಲಿ ಅಲ್ಲಿಗೆ ನಡೆಸಿಕೊಂಡು ಹೋಗಿ, ಸಾಲಾಗಿ ನಿಲ್ಲಿಸಿ, "ಮಿಟುಕಿಸವ್ವಾ, ಇನ್ನೊಂದ್ಸಾರಿ ಮಿಟುಕಿಸು" ಎನ್ನುವುದೇ ನನ್ನ ಕೆಲಸವಾಯಿತು. ಒಮ್ಮೆ ಕಬ್ಬಿನ ಟ್ರ್ಯಾಕ್ಟರಿನವನು ಗಾಡಿ ನಿಧಾನ ಮಾಡಿ, "ಯಾರ್ಗಮ್ಮೋ ಕಣ್ ಒಡೀತಿದ್ದೀರಿ, ನಮ್ಗಾ?" ಎಂದ. ಸಾಲಿನಲ್ಲಿದ್ದವಳೊಬ್ಬಳು, "ನಿನ್ ಮುಸುಡಿಗೆ ಯಾರ್ಲಾ ಒಡ್ದಾರು? ಓಗಲಾ ಸುಮ್ಕೆ!" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ನನ್ನ ಮೇಲೇ ಅಸಹ್ಯವಾಯಿತು.

ನಡೆಯಬಲ್ಲವರ ಪಾಡು ಹೀಗಾದರೆ, ನಡೆಯಲಾಗದವಳು ಒಬ್ಬಳಿದ್ದಳು. ಕಿರುಗಾವಲಿನಿಂದ ನಮ್ಮೂರಿಗೆ ಮದುವೆಯಾಗಿ ಬಂದ ಹುಡುಗಿ. ಏಳು ತಿಂಗಳು. ಮೈಯಲ್ಲಿ ರಕ್ತವೇ ಇಲ್ಲ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣದ ಹಾಗೆ ಬಿಳಿ. ಮಂಚ ಬಿಟ್ಟು ಇಳಿಯಬೇಡ, ಗಾಡಿಯಲ್ಲೂ ಕೂರಬೇಡ, ಹೊಟ್ಟೆಗೆ ಸರಿಯಾಗಿ ತಿನ್ನು ಎಂದಿದ್ದರು ಡಾಕ್ಟರು. ಮೊದಲಾದರೆ ಅವಳ ಮೊಟ್ಟೆಯನ್ನು ಒಯ್ದು ಎದುರಿಗೇ ಕೂತು ತಿನ್ನಿಸುತ್ತಿದ್ದೆ. ಅವಳತ್ತೆ ಗಟ್ಟಿ ಹೆಂಗಸು, ಆದರೂ "ಸರ್ಕಾರದೋರು ಅವ್ಳ ಎಸ್ರಿಗೇ ಕಳ್ಸವ್ರೆ, ತಿನ್ಲಿ ಬುಡು" ಎನ್ನುತ್ತಿದ್ದಳು. ಈಗ ಸಾಮಾನು ನಿಂತಿತಲ್ಲ ಎಂದು ನಮ್ಮ ಮನೆಯ ಕೋಳಿಯ ಮೊಟ್ಟೆ ಒಯ್ದೆ. ಅತ್ತೆ ಬಾಗಿಲಲ್ಲೇ ಇಸಿದುಕೊಂಡು, "ಮನೇಲಿ ಮಕ್ಳವೆ ಕಣಮ್ಮ, ಬಾಯ್ ಬುಟ್ಕೊಂಡ್ ನೋಡ್ತವೆ" ಎಂದು ಒಡೆದು ಎಲ್ಲರ ಸಾರಿಗೆ ಹಾಕಿದಳು. ಸೊಸೆಯ ತಟ್ಟೆಗೆ ಬರುವ ಹೊತ್ತಿಗೆ ಬರೀ ನೀರು.

ತಡೆಯಲಾಗದೆ ಬಸ್ಸು ಹತ್ತಿ ಮಂಡ್ಯಕ್ಕೆ ಹೋದೆ. ಮೇಲಿನ ಕಚೇರಿಯಲ್ಲಿ ಒಬ್ಬ ಅಧಿಕಾರಿ ಟೀ ಕುಡಿಯುತ್ತಿದ್ದ. "ನಮ್ಮೂರಿಗೆ ನೆಟ್ಟೇ ಬಂದಿಲ್ಲ ಸಾರ್. ನಾಲೆಯ ಎರಡೂ ದಡದಲ್ಲಿ ಕೇಬಲ್ ತುದಿ ಬಿದ್ದಿದೆ, ಬೇಕಾದರೆ ಬಂದು ನೋಡಿ. ಪುಸ್ತಕ ವಾಪಸ್ ಕೊಡಿ" ಎಂದು ಜೋರು ಮಾಡಿದೆ. ಆತ ಎರಡು ಸಲ ಮೌಸ್ ಒತ್ತಿ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. ಪೇಟ ಇಟ್ಟುಕೊಂಡು ಹಲ್ಲು ಕಿರಿಯುತ್ತಿರುವ ನಾನು, ಪಕ್ಕದಲ್ಲಿ ನನ್ನ ಸಹಿಯ ಹಾಳೆ.

"ಇದು ನಿಮ್ಮದೇ ಅಲ್ವೇನಮ್ಮ?"

"ನನ್ನದೇ. ಆದರೆ ಅದು ಸುಳ್ಳು ಸಾರ್."

"ಯಾವುದು ಸುಳ್ಳು? ಆಗ ಬರೆದದ್ದಾ, ಈಗ ಹೇಳ್ತಿರೋದಾ?"

ಅಲ್ಲೇ ಒಂದು ಹಾಳೆ ಕೇಳಿ, ಅಂದು ಸುಳ್ಳು ಸಹಿ ಹಾಕಿದ್ದೇನೆ ಎಂದು ಬರೆದುಕೊಟ್ಟೆ. ಕೆಲಸ ಹೋದರೆ ಹೋಗಲಿ ಅನ್ನಿಸಿತ್ತು. ಆತ ಅದನ್ನು ಫೈಲಿನೊಳಗೆ ಸೇರಿಸಿ, ಎರಡೂ ತಾಲ್ಲೂಕಿನವರ ಅಭಿಪ್ರಾಯ ಬರಬೇಕು, ಮೂರು ನಾಲ್ಕು ತಿಂಗಳಾದರೂ ಬೇಕು ಎಂದ. "ಅಷ್ಟರಲ್ಲಿ ಹೆರಿಗೆಯೇ ಆಗಿರುತ್ತೆ ಸಾರ್" ಎಂದೆ. "ಪ್ರೊಸೀಜರ್ ಅಮ್ಮ" ಎಂದು ಲೋಟ ಎತ್ತಿದ.

ಬಸ್ಸಿಳಿದವಳು ನೇರ ಆ ಹುಡುಗಿಯ ಮನೆಗೆ ಹೋದೆ. ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು.

"ಏನಂದ್ರಕ್ಕ? ಮೊಟ್ಟೆ ಬತ್ತವಾ?"

"ಬರಾಕಿಲ್ಲ ಕಣವ್ವ."

ಕಂಟ್ರಾಕ್ಟರಿಂದ ಹಿಡಿದು ಟೀ ಕುಡಿಯುವವನವರೆಗೆ ಎಲ್ಲರನ್ನೂ ಬೈದು ಎದ್ದು ಬರಬಹುದಿತ್ತು. ಬೈಯಲು ಬಾಯಿ ತೆರೆದವಳು ಸಹಿಯ ವಿಷಯ ಹೇಳಿಬಿಟ್ಟೆ. ಶಾಲು, ಹಾಳೆ, ಪಟ್ಟಿಯಿಂದ ಊರು ಹೋದದ್ದು ಎಲ್ಲವನ್ನೂ ಹೇಳಿದೆ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳುತ್ತಿದ್ದಳು. ರೇಗಲಿಲ್ಲ.

"ನೀವ್ ಸೈನ್ ಆಕ್ದಾಗ್ಲೇ ನಾನ್ ಬಸ್ರಿ ಅಂತ ನಿಮ್ಗೆ ಗೊತ್ತಿತ್ತಲ್ವಾ ಅಕ್ಕ?"

"ಗೊತ್ತಿತ್ತು" ಎಂದೆ.