ಕತ್ತರಿಸಿದ ಕೆಮ್ಮು

ಇಳಕಲ್ಲಿನ ನಮ್ಮ ಸಮುದಾಯ ಬಾನುಲಿ ಕೇಂದ್ರಕ್ಕೆ ನೇಕಾರರ ಓಣಿಯ ಆ ಅಕ್ಕ ಬಂದರೆ ಗೋಡೆಯಾಚೆಯ ಚಹಾ ಅಂಗಡಿಯವರಿಗೂ ಗೊತ್ತಾಗುತ್ತಿತ್ತು. ಪವರ್‌ಲೂಮ್‌ಗಳ ಸದ್ದಿನ ನಡುವೆ ನೂಲು ಸುತ್ತಿ ಸುತ್ತಿ ಆಕೆಯ ದನಿ ದೊಡ್ಡದಾಗಿತ್ತು. "ಸಾವಕಾಶ ಮಾತಾಡ್ರಿ ಅಕ್ಕಾರ, ಹೊರಗ ಕೇಳಸ್ತೈತಿ" ಎಂದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಕೇಳ್ಲಿ ತಗೋ ತಮ್ಮಾ" ಎನ್ನುತ್ತಿದ್ದಳು.

ನೂಲಿನ ಧೂಳು ಕುಡಿದು ಎದೆ ಕೆಟ್ಟವರಿಗೆ ಓಣಿಯಲ್ಲೇ ತಪಾಸಣೆ ಆಗಬೇಕೆಂದು ಆಕೆಯ ಮಹಿಳಾ ಸಂಘ ಆರೋಗ್ಯ ಇಲಾಖೆಯ ಕಚೇರಿಗೆ ಅಲೆದು ಸೋತಿತ್ತು. ಕೊನೆಗೆ ನಮ್ಮಲ್ಲಿ ಒಂದು ಕಾರ್ಯಕ್ರಮ ಮಾಡುವುದೆಂದಾಯಿತು. ಆಕೆ ಮಾತಾಡಿದಳು, ನಾನು ಧ್ವನಿಮುದ್ರಿಸಿದೆ. ಮಾತಿನ ನಡುನಡುವೆ ಕೆಮ್ಮು. ನಾನು ಹೆಮ್ಮೆಯಿಂದ ಕೂತು ಒಂದೊಂದನ್ನೂ ಕತ್ತರಿಸಿ ತೆಗೆದು, ಪ್ರಸಾರಕ್ಕೆ ಮೊದಲು ಆಕೆಗೆ ಕೇಳಿಸಿದೆ.

ಹೆಡ್‌ಫೋನ್ ಕೆಳಗಿಟ್ಟು ಕೇಳಿದಳು: "ನನ್ನ ಕೆಮ್ಮು ಎಲ್ಲಿ?"

"ಚಂದ ಕೇಳ್ಲಿ ಅಂತ ತಗದೇನ್ರಿ."

"ಇಪ್ಪತ್ತು ವರ್ಷ ದುಡದು ನಾ ಗಳಿಸಿದ್ದು ಅದೊಂದ. ಅದನ್ನೂ ತಗದಿ? ನಾ ಆರಾಮ ಅದೇನಿ ಅಂತ ಸಾಹೇಬ್ರಿಗೆ ನೀನ ಹೇಳಿದಂಗಾತು."

ಪಕ್ಕದಲ್ಲೇ ಕುರ್ಚಿ ಎಳೆದು ಕೂತು, ಎಲ್ಲವನ್ನೂ ಇದ್ದಲ್ಲೇ ಹಾಕಿಸಿದಳು. ಒಂದು ಬಿಟ್ಟುಹೋದಾಗ ನನ್ನ ಕೈ ಹಿಡಿದು ನಿಲ್ಲಿಸಿದಳು: "ಇಲ್ಲೊಂದು ಇತ್ತು, ದೊಡ್ಡದು."

ಪ್ರಸಾರವಾಗುತ್ತಿದ್ದಂತೆ ಅದೇ ಕಚೇರಿಯ ಸಾಹೇಬರೊಬ್ಬರ ಫೋನು ಬಂತು. "ಉಣ್ಣೂ ಹೊತ್ತಿನ್ಯಾಗ ಏನ್ರಿ ಆ ಕೆಮ್ಮು? ಕೇಳಾಕ ಆಗವಲ್ದು, ಬಂದ್ ಮಾಡ್ರಿ!"

ಆಕೆ ಆಗಲೇ ಕೆಲಸಕ್ಕೆ ಹೋಗಿದ್ದಳು. ನಾನು ಮೆಲ್ಲಗೆ ಮಾತಾಡುವವನು; ಅಂದು ಮಾತ್ರ ಚಹಾ ಅಂಗಡಿಯವರು ತಿರುಗಿ ನೋಡಿದರು.

"ಕೇಳ್ರಿ ಸಾಹೇಬ್ರ. ನಾಳಿನೂ ಹಾಕ್ತೇವಿ."